ಸ್ಟೀಲ್ ರಾಡಿನ ಮೇಲೆ ಮಡಿ ಸೀರೆ

"ಯಾರೂ ಮುಟ್ಟಬ್ಯಾಡ್ರಿ. ನನ್ನ ಸ್ನಾನ ಆಗೇದ."

ಹೀಗೆ ಹೇಳಿದಾಗ ನಮ್ಮ ಅತ್ತೆ ಬಚ್ಚಲಮನೆಯ ಬಾಗಿಲಲ್ಲಿ ನೆಲದ ಮೇಲೆ ಬಿದ್ದಿದ್ದರು. ಒದ್ದೆ ಕಾಲು, ಹೊಳೆಯುವ ಟೈಲ್ಸು. ಬಚ್ಚಲಿನಿಂದ ಮೆಟ್ಟಿಲೇರುವಾಗ ಜಾರಿದ್ದಾರೆ. ಸಪ್ಪಳ ಕೇಳಿ ನಾನು ಅಡುಗೆಮನೆಯಿಂದ, ನಮ್ಮವರು ಪೇಪರ್ ಬಿಸಾಕಿ ಓಡಿದೆವು. ಎಪ್ಪತ್ತೊಂಬತ್ತರ ಅತ್ತೆ ಬಿದ್ದಲ್ಲಿಂದಲೇ ಟ್ರಾಫಿಕ್ ಪೊಲೀಸರಂತೆ ಕೈ ಎತ್ತಿ ನಮ್ಮಿಬ್ಬರನ್ನೂ ನಿಲ್ಲಿಸಿಬಿಟ್ಟರು. ಸ್ನಾನ ಮುಗಿಸಿ ಮಡಿಯಲ್ಲಿದ್ದವರನ್ನು ನಾವು ಮುಟ್ಟಿದರೆ ಅವರು ಮತ್ತೆ ಸ್ನಾನ ಮಾಡಬೇಕಲ್ಲ?

ಗೋಡೆ ಹಿಡಿದು, ಬಕೆಟ್ ಹಿಡಿದು, ದೇವರ ಹೆಸರು ಹಿಡಿದು ತಾವೇ ಎದ್ದರು. ನಾವು ನೋಡುತ್ತ ನಿಂತೆವು. ಪುಣ್ಯಕ್ಕೆ ಮೊಣಕೈ ಊದಿದ್ದಷ್ಟೇ. ಸೊಂಟ ಮುರಿದಿದ್ದರೆ? ದಿನಾ ತಾವೇ ಸ್ನಾನ ಮಾಡಿ, ತಾವೇ ನೈವೇದ್ಯದ ಅಡುಗೆ ಮಾಡುವ ಹೆಂಗಸು. ಹಾಸಿಗೆ ಹಿಡಿದರೆ ಅವರ ಪಾಲಿಗೆ ಉಳಿಯುವುದೇನು?

ಅವತ್ತೇ ನಮ್ಮವರು ಬಚ್ಚಲು ರಿಪೇರಿಯ ಪಣ ತೊಟ್ಟರು. ಬೈಲಹೊಂಗಲದ ಬಜಾರಿನಲ್ಲಿ ಅಂಗಡಿ ಅಂಗಡಿ ಸುತ್ತಿದರು, ಯೂಟ್ಯೂಬ್ ನೋಡಿದರು, ಕಿತ್ತೂರಿನ ಭಾವನಿಗೆ ಫೋನ್ ಮಾಡಿದರು. (ಭಾವನ ಬಚ್ಚಲು ನಮ್ಮದಕ್ಕಿಂತ ನುಣುಪು. ಆದರೂ ಸಲಹೆಗೆ ಬರವಿಲ್ಲ.) ಸಂಗೊಳ್ಳಿಯಿಂದ ಗಾರೆ ಕೆಲಸದ ಗೌಂಡಿ ಬಂದ. ಬಚ್ಚಲೊಳಗಿನ ನುಣ್ಣನೆಯ ಟೈಲ್ಸ್ ಹೋಗಿ ಒರಟು ಟೈಲ್ಸ್ ಬಂತು. ಒಳಗೊಂದು, ಹೊರಗೆ ಮೆಟ್ಟಿಲ ಪಕ್ಕದ ಗೋಡೆಗೊಂದು ಸ್ಟೀಲ್ ರಾಡು ಕೂತವು. ಮೆಟ್ಟಿಲು ಮಾತ್ರ ಹಾಗೇ ಉಳಿಯಿತು. ರಾಡು ಇದೆಯಲ್ಲ, ಸಾಕು ಎಂದು ನಮ್ಮವರ ತೀರ್ಮಾನ.

"ಇದೇನು ಮುರಗೋಡದ ಬಸ್ಸೇನೋ ಗುರು, ಹಿಡಕೊಂಡು ನಿಂದರಲಿಕ್ಕೆ?" ಅತ್ತೆ ಮಗನನ್ನು ಕೇಳಿದರು.

"ಬಸ್ಸೇ ಅನಕೋ ಅವ್ವಾ. ಒಟ್ಟ ಹಿಡಕೋ."

ಮರುದಿನ ನೋಡಿದರೆ ಹೊರಗಿನ ರಾಡು ಭರ್ತಿ. ಅತ್ತೆಯ ಮಡಿ ಸೀರೆ ಅದರ ಮೇಲೆ ಉದ್ದಕ್ಕೂ ಒಣಗುತ್ತಿದೆ. ಇಷ್ಟು ದಿನ ಆ ಸೀರೆಯನ್ನು ಕೋಲಿನಿಂದ ಎತ್ತಿ, ಯಾರ ಕೈಗೂ ಸಿಗದಷ್ಟು ಎತ್ತರದ ಬಿದಿರು ಗಳದ ಮೇಲೆ ಹಾಕುತ್ತಿದ್ದರು. ಈಗ ಭುಜನೋವು, ಕೈ ಮೇಲೇಳುವುದಿಲ್ಲ. ಸೊಂಟದೆತ್ತರಕ್ಕೆ ಥಳಥಳಿಸುವ ರಾಡು ಬಂದರೆ ಬಿಡುತ್ತಾರೆಯೇ? "ಭಾಳ ಛಲೋ ಮಾಡಿಸೀರಿ ನೋಡು," ಎಂದು ನನಗೆ ಸರ್ಟಿಫಿಕೇಟ್ ಬೇರೆ ಕೊಟ್ಟರು. ಜೊತೆಗೆ ಮನೆಮಂದಿಗೆಲ್ಲ ಆರ್ಡರ್: ಆ ಕಡೆ ಯಾರೂ ಕೈ ಹಾಕಬಾರದು.

ಅಂಗಡಿಯವನನ್ನು ಕೇಳಿದೆವು, ಯೂಟ್ಯೂಬನ್ನು ಕೇಳಿದೆವು, ಭಾವನನ್ನು ಕೇಳಿದೆವು. ಬಿದ್ದವರನ್ನು ಕೇಳಿದೆವಾ? ಇಲ್ಲ. ವಯಸ್ಸಾದವರಿಗೆಂದು ಏನೆಲ್ಲ ಮಾಡಿಸುತ್ತೇವೆ. ಅವರ ಬೆಳಗು ಹೇಗೆ ಸಾಗುತ್ತದೆಂದು ಮಾತ್ರ ಕೇಳುವುದಿಲ್ಲ.

ಮೊನ್ನೆ ಭಾನುವಾರ ಅದಕ್ಕೆ ತಕ್ಕ ಫಲವೂ ಸಿಕ್ಕಿತು. ನಮ್ಮವರಿಗೂ ಐವತ್ತೆಂಟು. ಮೊಣಕಾಲು ನೋವು ಬೇರೆ (ಯಾರಿಗೂ ಹೇಳಬೇಡಿ). ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಮೆಟ್ಟಿಲೇರುತ್ತಿದ್ದರು. ಕಾಲು ಜಾರಿತು. ರಾಡಿಗೆ ಕೈ ಚಾಚಿದರು. ಸೀರೆ ಕಂಡಿತು. ಕೈ ಹಿಂದಕ್ಕೆ ಎಳೆದುಕೊಂಡರು. ಬಿದ್ದರು.

ಬೀಳುವ ಹೊತ್ತಿನಲ್ಲೂ ಅವ್ವನ ಮಡಿ ನೆನಪಾಗಬೇಕೆ? ನಗಬೇಕೋ ಅಳಬೇಕೋ ತಿಳಿಯಲಿಲ್ಲ. (ನಕ್ಕೆ. ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ.)

ನನಗಿಂತ ಮೊದಲು ಓಡಿ ಬಂದವರು ಅತ್ತೆ. ದೇವರ ಮನೆಯಿಂದ, ಮಡಿಯಲ್ಲೇ. ಬಗ್ಗಿ ಮಗನ ರಟ್ಟೆಗೆ ಕೈ ಹಾಕಿದರು.

"ಬಿಡವ್ವಾ, ಮಡಿ ಕೆಡತದ. ನಾನೇ ಏಳತೇನಿ," ಅಂದರು ಮಗರಾಯರು.

"ಕೆಟ್ಟರ ಇನ್ನೊಂದು ಸರ್ತಿ ನೀರು ಹಾಕ್ಕೋತೇನಿ. ನೀ ಮದಲ ಏಳು."

ಎದ್ದರು. ಅತ್ತೆ ಎತ್ತಿದರೋ, ಹಿಂದಿನಿಂದ ನಾನು ಎತ್ತಿದೆನೋ, ಅದು ಬೇರೆ ಮಾತು. ಸಮಯ ನೋಡಿ ಕೇಳಿಯೇ ಬಿಟ್ಟೆ: "ಅತ್ಯಾ, ಮತ್ತ ನೀವು ಬಿದ್ದಾಗ ನಮಗ ಯಾಕ ಮುಟ್ಟಗೊಡಲಿಲ್ಲ?"

ಅತ್ತೆ ರಾಡಿನಿಂದ ಸೀರೆ ತೆಗೆದು ಹೆಗಲಿಗೆ ಹಾಕಿಕೊಂಡರು.

"ಮಡಿ ಒಂದು ನೆವ ನೋಡವಾ," ಅಂದರು. "ಮಗನ್ನ ಎತ್ತೋದು ನಂಗ ಗೊತ್ತದ. ಸಣ್ಣಾಂವಿದ್ದಾಗಿಂದ ಎತ್ತೇನಿ. ಅವನ ಕೈಲೆ ಎತ್ತಿಸಿಕೊಳ್ಳೋದು ಅಂದ್ರ ನಾಚಿಕಿ ಬರತದ."

ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಈಗ ಹಿತ್ತಿಲಲ್ಲಿ ಅತ್ತೆಯನ್ನೇ ನಿಲ್ಲಿಸಿ, ಅವರ ಕೈ ಎಟುಕುವಷ್ಟೇ ಎತ್ತರಕ್ಕೆ ಹಗ್ಗ ಕಟ್ಟಿದ್ದೇವೆ. ಮಡಿ ಸೀರೆ ಅಲ್ಲಿ ಒಣಗುತ್ತದೆ. ಮೆಟ್ಟಿಲಿಗೂ ಒರಟು ಟೈಲ್ಸ್ ಬಿದ್ದಿದೆ. ಇವತ್ತು ಬೆಳಿಗ್ಗೆ ಅತ್ತೆ ಒಂದು ಕೈಯಲ್ಲಿ ರಾಡು ಹಿಡಿದು, ಇನ್ನೊಂದು ಕೈಯನ್ನು ನನ್ನತ್ತ ಚಾಚಿದರು. ಹಿಡಿದುಕೊಂಡೆ. (ಮಡಿಯ ಬಗ್ಗೆ ಇಬ್ಬರೂ ಮಾತಾಡಲಿಲ್ಲ.)

ನಮ್ಮವರು ಮಾತ್ರ ಈಗಲೂ ಕೈ ಬೀಸಿಕೊಂಡೇ ಮೆಟ್ಟಿಲೇರುತ್ತಾರೆ. ಕೇಳಿದರೆ, "ಅದು ಅವ್ವಗ ಹಾಕಿಸಿದ್ದು" ಅನ್ನುತ್ತಾರೆ.

ಅಲ್ಲ, ಆಸರೆ ಹಿಡಿಯುವುದನ್ನು ಕಲಿಯಲು ಮನುಷ್ಯನಿಗೆ ಎಷ್ಟು ವಯಸ್ಸಾಗಬೇಕು?