ಒಂಬತ್ತಕ್ಕೆ ಮುಗಿದ ಸೀನು, ಒಂದಕ್ಕೆ ಬಂದ ಮೂಡು

ನಾನು ಹುಟ್ಟಿನಿಂದಲೇ ಅಚ್ಚುಕಟ್ಟಿನ ಮನುಷ್ಯ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಅಲಾರಂ ಇಲ್ಲದೆ ಐದಕ್ಕೆ ಏಳುತ್ತೇನೆ. ಕರೆಂಟ್ ಬಿಲ್ಲು ಬಂದ ದಿನವೇ ಕಟ್ಟುತ್ತೇನೆ. ಬಾಗಿಲ ಹೊರಗೆ ಯಾರಾದರೂ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟಿದ್ದರೆ, ಅದು ಗ್ಯಾಸ್ ಸಿಲಿಂಡರ್ ತಂದವನದ್ದಾದರೂ ಸರಿ, ಜೋಡಿಸಿಟ್ಟೇ ಒಳಗೆ ಬರುತ್ತೇನೆ. ಯಾವುದಾದರೂ ಆಫೀಸಿನಲ್ಲಿ ಕೂತಿದ್ದರೆ ಇವೆಲ್ಲ ಒಳ್ಳೆಯ ಗುಣಗಳು ಎನಿಸಿಕೊಳ್ಳುತ್ತಿದ್ದವು. ನನ್ನ ಹಣೆಬರಹಕ್ಕೆ ಟೀವಿ ಧಾರಾವಾಹಿಗೆ ಸಂಭಾಷಣೆ ಬರೆಯುವ ಕೆಲಸಕ್ಕೆ ಬಿದ್ದೆ. ಅಲ್ಲಿ ಅಚ್ಚುಕಟ್ಟು ಎಂದರೆ ಪ್ರತಿಭೆ ಇಲ್ಲ ಎನ್ನುವುದಕ್ಕೆ ಸಾಕ್ಷಿ.

ನಮ್ಮ ಕೆಲಸ ನಡೆಯುವುದು ಹೀಗೆ. ನಾನು ಬನಶಂಕರಿಯ ಮನೆಯಲ್ಲಿ ಕೂತು ಆ ದಿನದ ಸೀನ್ ಬರೆದು ಫೋನಿನಲ್ಲಿ ಕಳಿಸಬೇಕು. ಗಿರಿನಗರದಲ್ಲಿ ಶೂಟಿಂಗಿಗೆಂದೇ ಬಾಡಿಗೆಗೆ ಹಿಡಿದ ದೊಡ್ಡ ಮನೆಯೊಂದಿದೆ. ಅಲ್ಲಿ ಬೆಳಿಗ್ಗೆಯೆಲ್ಲ ಹಿಂದಿನ ದಿನ ಉಳಿದದ್ದನ್ನು ಚಿತ್ರೀಕರಿಸಿ, ಮಧ್ಯಾಹ್ನ ನನ್ನ ಹೊಸ ಸೀನಿಗೆ ಕಾಯುತ್ತಾರೆ. ಬಂದ ಕೂಡಲೇ ಪ್ರಿಂಟ್ ತೆಗೆದು ನಟರ ಕೈಗೆ ಕೊಡುತ್ತಾರೆ. ಬಾಯಿಪಾಠ ಮಾಡುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಕ್ಯಾಮೆರಾ ಹಿಂದೆ ನಿಂತ ಸಹಾಯಕ ಮಾತುಗಳನ್ನು ಗಟ್ಟಿಯಾಗಿ ಓದುತ್ತಾನೆ, ನಟರು ಕೇಳಿಸಿಕೊಂಡು ಹೇಳುತ್ತಾರೆ. ಅದಕ್ಕೆ ಪ್ರಾಂಪ್ಟಿಂಗ್ ಎನ್ನುತ್ತಾರೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ನಾನು ಒಂಬತ್ತಕ್ಕೇ ಸೀನ್ ಕಳಿಸಿಬಿಟ್ಟಿದ್ದೆ. ಆಗಿದ್ದ ನಿರ್ದೇಶಕರು ಓದುವ ಗೋಜಿಗೂ ಹೋಗಲಿಲ್ಲ. "ಇಷ್ಟು ಬೇಗನಾ? ಕೈಗೆ ಬಂದಿದ್ದು ಗೀಚಿದ್ದೀರ. ಕೂತ್ಕೊಂಡು ಸರಿಯಾಗಿ ಬರೀರಿ" ಎಂದರು. ನಾನು ಕೂತೆ. ಒಂದು ಅಕ್ಷರವೂ ಬದಲಾಗುವಂತೆ ಕಾಣಲಿಲ್ಲ. ಸ್ನಾನ ಮಾಡಿ, ಊಟ ಮಾಡಿ, ಅದೇ ಸೀನನ್ನು ಒಂದು ಗಂಟೆಗೆ ಮತ್ತೆ ಕಳಿಸಿದೆ. "ನೋಡಿ, ಇದು ರೈಟಿಂಗ್ ಅಂದ್ರೆ" ಎಂದು ಉತ್ತರ ಬಂತು. ಅವತ್ತೇ ನಿರ್ಧರಿಸಿದೆ: ಬರೆಯುವುದು ಒಂಬತ್ತಕ್ಕೆ ಮುಗಿದರೂ ಮೂಡು ಮಾತ್ರ ಒಂದು ಗಂಟೆಗೇ ಬರಬೇಕು.

ಅಂದಿನಿಂದ ನಾನು ಕಲಾವಿದನಾಗಲು ಬಹಳ ಶಿಸ್ತಿನಿಂದ ದುಡಿದಿದ್ದೇನೆ. ಗಡ್ಡ ಬಿಟ್ಟೆ. ಕತ್ತರಿ ಆಡಿಸಿಲ್ಲ ಎಂದು ಕಾಣಬೇಕಾದರೆ ಪ್ರತಿ ಭಾನುವಾರ ಕತ್ತರಿ ಆಡಿಸಬೇಕಾಗುತ್ತದೆ, ಅದನ್ನೂ ಮಾಡುತ್ತೇನೆ. ಇಸ್ತ್ರಿ ಮಾಡಿದ ಜುಬ್ಬವನ್ನು ಸೆಟ್ಟಿಗೆ ಹೋಗುವ ಮುನ್ನ ಮುದುಡಿ, ಒಂದಷ್ಟು ಹೊತ್ತು ಅದರ ಮೇಲೆ ಕೂತು, ಆಮೇಲೆ ತೊಡುತ್ತೇನೆ.

ನನ್ನ ಈ ನಾಟಕಕ್ಕಿದ್ದ ಏಕೈಕ ಪ್ರೇಕ್ಷಕಿ ಅಮ್ಮ. ನಾವಿಬ್ಬರೇ ಇರುವ ಮನೆ. ಬೆಳಿಗ್ಗೆ ಬರೆದು ಮುಗಿಸಿದ ಮೇಲೆ ಒಂದು ಗಂಟೆಯವರೆಗೆ ನನಗೆ ಬೇರೆ ಕೆಲಸವೇನು? ಅವರೆಕಾಯಿ ಕಾಲವಾದರೆ ಅಮ್ಮನ ಜೊತೆ ಕೂತು ನೆನೆಸಿದ ಕಾಳನ್ನು ಹಿತಕಿ ಸಿಪ್ಪೆ ತೆಗೆಯುತ್ತೇನೆ. ಹನ್ನೆರಡು ದಾಟಿದರೆ ಫೋನು. ಈಗಿನ ನಿರ್ದೇಶಕ ಹುಬ್ಬಳ್ಳಿ ಕಡೆಯ ಹುಡುಗ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾನೆ. ಪಾಪದವನು.

"ಸರ, ಸೀನು ಎಲ್ಲಿಗೆ ಬಂತ್ರಿ? ಲೈಟ್ ಹಚ್ಕೊಂಡು ಕುಂತೇವ್ರಿ."

"ಬರ್ತಿಲ್ಲ ಗುರು. ಒಳಗಿಂದ ಬರ್ಬೇಕು ಇದು. ಬಲವಂತಕ್ಕೆ ಬರೋದಲ್ಲ."

ಅಮ್ಮ ಅವರೆಕಾಳು ಹಿತಕುತ್ತಲೇ ಹೇಳಿದಳು: "ಒಳಗಿಂದ ಬರೋಕೇನು, ಟೇಬಲ್ ಮೇಲೇ ಇದೆಯಲ್ಲೋ. ತಂದ್ಕೊಡ್ಲಾ?"

ನಾನು ಫೋನಿಗೆ ಕೈ ಅಡ್ಡ ಹಿಡಿದು ಅವಳನ್ನು ದುರುಗುಟ್ಟಿ ನೋಡಿದೆ. ಅವಳು ಒಂದು ಕಾಳನ್ನು ಹಿತಕಿ ನನ್ನ ಜುಬ್ಬಕ್ಕೆ ಹಾರಿಸಿದಳು.

ನಮ್ಮ ಧಾರಾವಾಹಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮನೆಯ ಹಿರಿಯಳ ಪಾತ್ರ. ಅದನ್ನು ಮಾಡುತ್ತಿದ್ದ ಹಿರಿಯ ನಟಿಯನ್ನೂ ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಹುಳಿಮಾವಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು, ಕಾರು ಕಳಿಸಿದ ದಿನ ಕಾರಿನಲ್ಲಿ. ಎಲ್ಲರಿಗಿಂತ ಮೊದಲೇ ಬಂದು, ಮೇಕಪ್ ಮುಗಿಸಿ, ಹೊರಗಿನ ಸಂಪಿಗೆ ಮರದ ಹತ್ತಿರ ಕುರ್ಚಿ ಹಾಕಿಕೊಂಡು ಸೀನಿನ ಪೇಪರಿಗೆ ಕಾಯುವುದು ಅವರ ಅಭ್ಯಾಸ. ಕೆಲಸ ಎಂದರೆ ಜೀವ. "ಮನೇಲಿ ಕೂತ್ರೆ ನಾನು ಮೂರೇ ದಿನಕ್ಕೆ ಮುದುಕಿ ಆಗ್ಬಿಡ್ತೀನಿ ಸಾರ್" ಎನ್ನುತ್ತಿದ್ದರು.

ಒಂದು ದಿನ ನಾನು ಸೆಟ್ಟಿಗೆ ಹೋಗಿದ್ದಾಗ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಸಾರ್, ತಪ್ಪು ತಿಳ್ಕೋಬೇಡಿ. ಪೇಪರ್ ಸ್ವಲ್ಪ ಬೇಗ ಕಳಿಸೋಕಾಗುತ್ತಾ? ಮಾತು ಬಾಯಿಪಾಠ ಆಗ್ಬೇಕು, ಆಮೇಲೆ ಅದನ್ನ ಮರೀಬೇಕು. ಮರೆತು ಹೇಳಿದ್ರೆ ನನ್ನ ಮಾತು ಅನ್ಸುತ್ತೆ. ಮರೆಯೋಕೆ ಒಂಚೂರು ಟೈಮ್ ಬೇಕಲ್ವಾ."

ನಾನು ಏನು ಹೇಳಿದೆ ಎಂದು ಈಗ ನೆನೆದರೆ ಮೈ ಉರಿಯುತ್ತದೆ. ಕಣ್ಣು ಅರ್ಧ ಮುಚ್ಚಿ, ಸಂಪಿಗೆ ಮರದ ತುದಿ ನೋಡುತ್ತಾ, "ಮೇಡಂ, ಸೃಜನಶೀಲತೆ ಅನ್ನೋದು ನಲ್ಲಿ ನೀರಲ್ಲ. ತಿರುಗಿಸಿದ ತಕ್ಷಣ ಬರೋದಿಲ್ಲ" ಎಂದೆ. ಅವರು ನಿಜವಾಗಿಯೂ ಗೌರವದಿಂದ ತಲೆಯಾಡಿಸಿ, "ಹೌದು ಸಾರ್, ನಮಗೇನು ಗೊತ್ತಾಗುತ್ತೆ" ಎಂದರು. ಮನೆಗೆ ಬಂದು ಈ ಮಾತನ್ನು ಅಮ್ಮನಿಗೆ ಹೇಳಿ ಬೀಗಿದೆ. ಅಮ್ಮ ಅಡುಗೆಮನೆಯಿಂದಲೇ ಅಂದಳು: "ನಲ್ಲಿ ನೀರಾದ್ರೂ ಅದಕ್ಕೆ ಮೂಡ್ ಬಂದಾಗ ಬರುತ್ತೆ. ನಿಂದು ದಿನಾ ಒಂಬತ್ತಕ್ಕೆ ಬರುತ್ತೆ. ಅದಕ್ಕಿಂತ ಕಡೆ ನೀನು."

ಅದೇ ತಿಂಗಳು ಚಾನೆಲ್‌ನವರು ನಮಗೆಲ್ಲ ಫೋನಿನಲ್ಲಿ ಒಂದು ಪರೀಕ್ಷೆ ಕಳಿಸಿದರು. ಪ್ರಶ್ನೆಗಳಿಗೆ ಉತ್ತರ ಒತ್ತುತ್ತಾ ಹೋದರೆ ನಮ್ಮದು ಯಾವ ಬಗೆಯ ಸ್ವಭಾವ, ನಮ್ಮಲ್ಲಿ ಸೃಜನಶೀಲತೆ ಇದೆಯೋ ಇಲ್ಲವೋ ಎಂದು ಕೊನೆಗೆ ತಿಳಿಯುತ್ತದಂತೆ. ನಾನು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು.

"ನಿಮ್ಮ ವಸ್ತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ನಿಮಗೆ ತೊಂದರೆಯಿಲ್ಲವೇ?"

"ಇವ್ನಿಗಾ?" ಅಮ್ಮ ನಕ್ಕಳು. "ಒಗ್ಗರಣೆ ಡಬ್ಬೀಲಿ ಸಾಸಿವೆ ಜಾಗಕ್ಕೆ ಜೀರಿಗೆ ಬಂದ್ರೆ ಊಟ ಬಿಡೋನು."

ನಾನು "ಸ್ವಲ್ಪವೂ ತೊಂದರೆಯಿಲ್ಲ" ಎಂದು ಒತ್ತಿದೆ. ಸಮಯ ಮರೆತುಹೋಗುತ್ತದೆಯೇ? ಯಾವಾಗಲೂ. ಜನರ ನಡುವೆ ಒಂಟಿ ಅನಿಸುತ್ತದೆಯೇ? ಸದಾ. ಫಲಿತಾಂಶ ಬಂತು: ನಾನು ಹುಟ್ಟು ಕನಸುಗಾರ, ನಿಯಮಗಳು ನನ್ನನ್ನು ಕಟ್ಟಿಹಾಕಲಾರವು, ಸುತ್ತಲಿನವರು ನನ್ನ ಬಗ್ಗೆ ತಾಳ್ಮೆ ವಹಿಸಬೇಕು. ಸುಳ್ಳು ಹೇಳಿ ಪಡೆದ ಸರ್ಟಿಫಿಕೇಟಾದರೂ ಎರಡೆರಡು ಸಲ ಓದಿಕೊಂಡೆ. ಕೂಡಲೇ ಫೋನಿನಲ್ಲಿದ್ದ ನಮ್ಮ ತಂಡದ ಗ್ರೂಪಿಗೆ ಹಾಕಿದೆ. ಅಜ್ಜಿಯೂ ತಮ್ಮದನ್ನು ಹಾಕಿದ್ದರು. ಕರ್ತವ್ಯನಿಷ್ಠೆ, ಸಮಯಪಾಲನೆ, ಲೆಕ್ಕಪತ್ರದ ಕೆಲಸಕ್ಕೆ ಸೂಕ್ತ ಎಂದು ಬಂದಿತ್ತು. ಕೆಳಗೆ ಅವರೇ ಬರೆದಿದ್ದರು: "ಇಷ್ಟು ವರ್ಷ ತಪ್ಪು ಲೈನಲ್ಲಿದ್ದೆ ನೋಡಿ." ಎಲ್ಲರೂ ನಗುವ ಮುಖ ಒತ್ತಿದರು, ನಾನೂ ಒತ್ತಿದೆ.

ಅದಾದ ಕೆಲವೇ ದಿನಕ್ಕೆ ನಿರ್ದೇಶಕ ಬೆಳಿಗ್ಗೆಯೇ ಫೋನ್ ಮಾಡಿದ. ದನಿ ಇಳಿದಿತ್ತು.

"ಸರ, ಅಜ್ಜೀನ್ನ ಸಾಯಿಸ್ಬೇಕಂತ್ರಿ. ಚಾನೆಲ್‌ನವ್ರು ಹೇಳ್ಯಾರ. ಟೇಕ್ ಭಾಳ ತಗೋತಾರ, ಟೈಮ್ ಹಾಳಾಗ್ತದ ಅಂತ."

"ಯಾಕೆ, ಚೆನ್ನಾಗೇ ಮಾಡ್ತಾರಲ್ಲ?"

"ಪ್ರಾಂಪ್ಟ್ ಕೇಳಂಗಿಲ್ರಿ ಅವ್ರಿಗೆ. ಕಿವಿ ಮಂದ ಆಗ್ಯಾವು. ಯಾರ ಮುಂದೂ ಹೇಳ್ಕೊಂಡಿಲ್ಲ ಪಾಪ. ಪೇಪರ್ ಕೈಯಾಗ ಇದ್ರ ಓದಿ ಮಾಡ್ತಿದ್ರು. ನಿಮ್ಮ ಪೇಪರ್ ಬರೋದ ಒಂದ್ ಗಂಟೇಕ್ಕ. ಏನ್ ಮಾಡೋದ್ರಿ, ನಿಮ್ದೂ ತಪ್ಪಲ್ಲ. ಮೂಡ್ ಬರ್ಬೇಕಲ್ರಿ."

ನಾನು ಟೇಬಲ್ ಕಡೆ ನೋಡಿದೆ. ಅವತ್ತಿನ ಸೀನು ಬರೆದು ಮುಗಿದು, ಮೂಲೆಗೆ ಮೂಲೆ ಕೂಡಿಸಿ, ಮೇಲೊಂದು ಪೇಪರ್‌ವೇಟ್ ಇಟ್ಟುಕೊಂಡು ಕೂತಿತ್ತು.

ನನ್ನ ಕೈಲಾದಷ್ಟು ಒದ್ದಾಡಿದೆ. "ಸಾಯೋದು ಬೇಡ, ಕೋಮಾಗೆ ಕಳ್ಸೋಣ. ಕೋಮಾದಿಂದ ಯಾವಾಗ ಬೇಕಾದ್ರೂ ಎಬ್ಬಿಸ್ಕೋಬಹುದು" ಎಂದೆ. ನಮ್ಮ ಧಾರಾವಾಹಿಯಲ್ಲಿ ಆಗಲೇ ಒಬ್ಬರು ಕೋಮಾದಲ್ಲಿದ್ದರು, ಇನ್ನೊಂದು ಮಂಚಕ್ಕೆ ಜಾಗ ಇಲ್ಲ ಎಂದು ಚಾನೆಲ್‌ನವರು ಹೇಳಿದರಂತೆ. ಕಾಶಿಯಾತ್ರೆಗೆ ಕಳಿಸೋಣ ಎಂದೆ. ಬೇಡ ಎಂದರು. ಇನ್ನು ಬೇಗ ಸೀನ್ ಕಳಿಸುತ್ತೇನೆ, ಅವರಿಗೆ ಮೊದಲೇ ಕೊಡಿ ಎಂದು ಕೊನೆಗೆ ಬಾಯಿ ಬಿಟ್ಟೆ. ನಿರ್ದೇಶಕ ಮೃದುವಾಗಿ, "ಹಂಗ ಒತ್ತಡ ಹಾಕ್ಕೋಬ್ಯಾಡ್ರಿ ಸರ. ನಿಮ್ಮ ಟೈಪ್ ಜನರಿಗೆ ಅದು ಆಗಂಗಿಲ್ಲ. ಟೆಸ್ಟ್‌ನಾಗ ಬಂದೈತಲ್ರಿ" ಎಂದ.

ಮರುದಿನ ಬೆಳಿಗ್ಗೆ ಸಾವಿನ ಸೀನನ್ನು ಬರೆದೆ. ಅಜ್ಜಿ ಮಂಚದ ಮೇಲೆ ಮಲಗಿ ಸೊಸೆಯ ಕೈ ಹಿಡಿದು, "ನಾಳೆಯಿಂದ ಅಕ್ಕಿ ಒಂದು ಹಿಡಿ ಕಮ್ಮಿ ಹಾಕು" ಎನ್ನುವುದೇ ಕೊನೆಯ ಮಾತು. ಎಂದಿನಂತೆ ಒಂಬತ್ತಕ್ಕೆ ಮುಗಿಯಬೇಕಾದದ್ದು ಅವತ್ತು ಏಳಕ್ಕೇ ಮುಗಿಯಿತು. ಯಾರಿಗೂ ಕಾಯದೆ ನೇರವಾಗಿ ಅಜ್ಜಿಯ ಫೋನಿಗೇ ಕಳಿಸಿದೆ. ಮರುಕ್ಷಣ ಅವರು ಓದಿದ ಗುರುತು ಬಂತು. ಕೈ ಮುಗಿದ ಚಿತ್ರವೊಂದನ್ನು ಕಳಿಸಿದರು, ಅಷ್ಟೇ.

ಸೆಟ್ಟಿಗೆ ಎಂದಿನಂತೆ ಒಂದಕ್ಕೇ ಕಳಿಸಿ, ಮಧ್ಯಾಹ್ನ ನಾನೂ ಅಲ್ಲಿಗೆ ಹೋದೆ. ಜುಬ್ಬದ ಮೇಲೆ ಕೂರುವುದು ಮರೆತಿತ್ತು. ಸಹಾಯಕ ಪ್ರಾಂಪ್ಟಿಂಗಿಗೆ ಪೇಪರ್ ಹಿಡಿದು ನಿಂತ. ಅಜ್ಜಿ ಬೇಡ ಎಂದು ಕೈಯಾಡಿಸಿದರು. ಕ್ಯಾಮೆರಾ ಓಡಿತು. ಅವರು ಸೊಸೆಯ ಪಾತ್ರದ ಹುಡುಗಿಯ ಕೈಯನ್ನು ತೆಗೆದುಕೊಂಡು, ಆ ಕೈಯಿಂದಲೇ ಮುಷ್ಟಿ ಮಾಡಿಸಿ, "ನಾಳೆಯಿಂದ ಅಕ್ಕಿ ಒಂದು ಹಿಡಿ ಕಮ್ಮಿ ಹಾಕು" ಎಂದರು. ಅಲ್ಲಿಗೆ ಸೀನ್ ಮುಗಿಯಬೇಕು. ಅವರು ಆ ಮುಷ್ಟಿಯನ್ನು ಒಂದು ಗಳಿಗೆ ನೋಡಿ, ಎರಡು ಬೆರಳು ಬಿಡಿಸಿ, "ಅರ್ಧ ಹಿಡಿ ಸಾಕು. ನಾನೇನು ಅಷ್ಟು ತಿಂತಿರ್ಲಿಲ್ಲ" ಎಂದು ಕಣ್ಣು ಮುಚ್ಚಿದರು.

ಯಾರೂ ಕಟ್ ಹೇಳಲಿಲ್ಲ. ಆ ಹುಡುಗಿ ಕಣ್ಣಿಗೆ ಗ್ಲಿಸರಿನ್ ಹಚ್ಚಿಕೊಳ್ಳದೆಯೇ ಅಳುತ್ತಿದ್ದಳು. ನಾನೂ ಅತ್ತೆ.

ನಿರ್ದೇಶಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಸರ, ಆ ಕಡೀ ಮಾತು ಐತಲ್ರಿ, ಅರ್ಧ ಹಿಡಿ. ರಾತ್ರೆಲ್ಲಾ ನಿದ್ದಿ ಮಾಡಿಲ್ಲ ಅನಸ್ತದ ನೀವು. ಕಲಾವಿದ್ರಂದ್ರ ಇದ ನೋಡ್ರಿ."

ಅವನು ಪೇಪರನ್ನು ಪೂರ್ತಿ ಓದಿರಲಿಲ್ಲ; ಆ ಮಾತು ನಾನು ಬರೆದದ್ದಲ್ಲ. ಲೆಕ್ಕಪತ್ರಕ್ಕೆ ಸೂಕ್ತ ಎನಿಸಿಕೊಂಡವರು ಅಲ್ಲೇ ಹುಟ್ಟಿಸಿದ ಮಾತು ಅದು. ಹಾಗೆಂದು ನಾನು ಹೇಳಬೇಕಿತ್ತು. ಗಡ್ಡ ಕೆರೆದುಕೊಂಡು ನಿಂತೆ.

ಅಜ್ಜಿ ಸೀರೆ ಬದಲಾಯಿಸಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಿದ್ದರು. ಎಲ್ಲರಿಗೂ ಹೇಳಿ ಕೊನೆಗೆ ನನ್ನ ಹತ್ತಿರ ಬಂದರು. ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ, "ಒಂದೇ ಟೇಕ್ ಮೇಡಂ" ಎಂದೆ.

"ಪೇಪರ್ ಬೆಳಿಗ್ಗೇನೇ ಬಂತಲ್ಲ ಸಾರ್, ಅದಕ್ಕೆ. ಮನೇಲಿ ಓದ್ದೆ, ಬಸ್ಸಲ್ಲಿ ಮರೆತೆ. ನನಗೋಸ್ಕರ ಎಷ್ಟು ಕಷ್ಟಪಟ್ರಿ ನೀವು, ಬೆಳಗಿನ ಜಾವ ಎದ್ದು." ನಕ್ಕರು. "ಮೊದ್ಲಿಂದ ಹೀಗೇ ಬಂದಿದ್ರೆ ನಾನಿನ್ನೂ ಸ್ವಲ್ಪ ದಿನ ಬದುಕ್ತಿದ್ದೆ ನೋಡಿ."

ಅವರು ಅದನ್ನು ತಮಾಷೆಗೆಂದೇ ಹೇಳಿದ್ದರು. ಗೇಟಿನವರೆಗೂ ಜೊತೆಯಲ್ಲಿ ಹೋದೆ. ಬಸ್ ಸ್ಟಾಪಿನ ಕಡೆ ಅವರು ತಿರುಗುವವರೆಗೂ ಅಲ್ಲೇ ನಿಂತಿದ್ದೆ.

ಮನೆಯಲ್ಲಿ ಅಮ್ಮ ಬಾಗಿಲು ತೆಗೆದವಳೇ, "ಹೋದ್ರಾ?" ಎಂದಳು. ಹೂಂ ಎಂದೆ. ಯಾವಾಗಲೂ ಏನಾದರೂ ಕುಟುಕುವವಳು ಅವತ್ತು ಒಂದು ಲೋಟ ಕಾಫಿ ತಂದು ಮುಂದಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಒಂಬತ್ತಕ್ಕೆ ಸೀನ್ ಮುಗಿಯಿತು, ಒಂಬತ್ತಕ್ಕೇ ಕಳಿಸಿದೆ. ಅಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು, ಯಾರೂ ಅದನ್ನು ತೆರೆದೂ ನೋಡಿರಲಿಲ್ಲ. ಉಳಿದವರಿಗೆಲ್ಲ ಕಿವಿ ಚೆನ್ನಾಗಿತ್ತು, ಪ್ರಾಂಪ್ಟಿಂಗ್ ಸಾಕಾಗಿತ್ತು. ಒಂದು ಗಂಟೆಗೆ ನಿರ್ದೇಶಕನ ಫೋನು ಬಂತು.

"ಸರ, ಇಷ್ಟ್ ಲಗೂ ಕಳ್ಸೀರಲ್ರಿ, ಅವಸರದಾಗ ಬರ್ದಂಗದ. ನಿನ್ನಿ ಸೀನ್ ಬರ್ದಂಗ ಟೈಮ್ ತಗೊಂಡು ಬರೀರಿ."

ಆಗಲಿ ಎಂದೆ. ಕೂತು ಮೊದಲಿನಿಂದ ಮತ್ತೆ ಓದಿಕೊಂಡೆ. ಮನೆಯ ಹಾಲ್. ಗೋಡೆಯ ಮೇಲೆ ಅಜ್ಜಿಯ ಫೋಟೋ, ಅದಕ್ಕೆ ಗಂಧದ ಹಾರ, ಎಂದು ನಾನೇ ಬರೆದಿದ್ದೆ. ನನ್ನ ಪೇಪರನ್ನು ಬೆಳಿಗ್ಗೆಯೇ ಓದುವವರು ಇದ್ದದ್ದು ಅವರೊಬ್ಬರೇ, ಮತ್ತು ಆ ಸೀನಿನಲ್ಲಿ ಅವರಿಗೆ ಮಾತಿರಲಿಲ್ಲ.