ಬೆನ್ನಿನ ಕಡೆಯ ಬಳೆಗಳು

ಆ ದಿನಗಳಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆ ಬಂತೆಂದರೆ ನೇಸರಗಿಯ ನಮ್ಮ ಮನೆಯಲ್ಲಿ ಹೂರಣಕ್ಕಿಂತ ಮೊದಲು ಔಡಲೆಣ್ಣೆಯ ವಾಸನೆ ಏಳುತ್ತಿತ್ತು. ನನಗಾಗ ಎಂಟು ವರ್ಷವೋ, ಒಂಬತ್ತೋ. ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ಅಂಗಿಯ ತೂತನ್ನು ಮಾತ್ರ ಬೆರಳಿನಿಂದ ಮುಟ್ಟಿ ನೋಡಿದ್ದೇನೆ.

ಅಜ್ಜನನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಮುತ್ಯಾನ ಅಜ್ಜ ಕಿತ್ತೂರಿನ ದಂಡಿನಲ್ಲಿ ತೊಟ್ಟಿದ್ದ ಕಬ್ಬಿಣದ ಅಂಗಿ ನಮ್ಮಲ್ಲಿತ್ತು, ಸಣ್ಣ ಬಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹೆಣೆದದ್ದು. ಪೂಜೆಯ ಹಿಂದಿನ ದಿನ ಅದನ್ನು ಮರಳು, ಜೋಳದ ಹೊಟ್ಟು ತುಂಬಿದ ಚೀಲದಲ್ಲಿ ಹಾಕಿ, ಅಕ್ಕ ಒಂದು ತುದಿ, ನಾನೊಂದು ತುದಿ ಹಿಡಿದು ಜಗ್ಗಾಡುತ್ತಿದ್ದೆವು. ತುಕ್ಕು ಬಿಡುತ್ತಿತ್ತು, ನಮಗೆ ಆಟವಾಗುತ್ತಿತ್ತು. ಹೊರತೆಗೆಯುವವನು ಮಾತ್ರ ಮುತ್ಯಾ. ಬೆನ್ನಿನ ಕಡೆಗೆ ಜರಿಯ ಶಾಲು ಹೊದಿಸಿದ ಮೇಲೆಯೇ ಎದೆಯ ಕಡೆಯನ್ನು ಎಣ್ಣೆ ಹಚ್ಚಲು ನಮಗೆ ಕೊಡುತ್ತಿದ್ದ. ಎದುರು ನಿಂತು ಎದೆಗೆ ಪೆಟ್ಟು ತಿಂದವನ ಮಕ್ಕಳು ನಾವು ಎನ್ನುತ್ತಿದ್ದ.

ಆ ವರ್ಷ ಯಾರೋ ಕರೆದರೆಂದು ಅವನು ಎದ್ದುಹೋದಾಗ ನಾನೇ ಅಂಗಿಯನ್ನು ಚೀಲದಿಂದ ಎಳೆದೆ. ಎದೆಯ ಮೇಲೆ ಒಂದು ಬಳೆಯೂ ಹರಿದಿರಲಿಲ್ಲ. ಬೆನ್ನಿನಲ್ಲಿ ನನ್ನ ಮುಷ್ಟಿಯಷ್ಟು ತೂತು, ಮೇಲೆ ತಾಮ್ರದ ತಂತಿಯ ಹೊಲಿಗೆ. ಅಕ್ಕ ಚೀಲ ಕೊಡವುತ್ತಿದ್ದಳು; ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಸಿರಸಂಗಿಯಿಂದ ಅಕ್ಕನನ್ನು ನೋಡಲು ಬಂದರು. ವರನ ಅಜ್ಜ, ಆ ಊರಿನ ಗೌಡ, ನೆಟ್ಟಗೆ ಬಂದು ಅಂಗಿಯ ಮುಂದೆ ಕುಳಿತ.

“ಓಡಿಬಂದವನ ಮನಿ ಅಂತ ನಮ್ಮೂರಾಗ ಅಂತಾರ್ರಿ. ತಿರುವಿ ತೋರಸ್ರಿ. ಆಮ್ಯಾಲ ಉಳಿದ ಮಾತು.”

“ಪೂಜಿ ಆದದ್ದನ್ನ ಕದಲಸೂದಿಲ್ರಿ ಗೌಡ್ರ,” ಎಂದ ಮುತ್ಯಾ.

ಗೌಡ ನಕ್ಕು, ಎಣ್ಣೆಯಿಂದ ಕಪ್ಪಾಗಿದ್ದ ನನ್ನ ಉಗುರು ನೋಡಿದ. “ಎಣ್ಣಿ ಹಚ್ಚಿದಾಕಿ ನೀನಲ್ಲೇನವಾ? ಶಾಲಿನ ಕೆಳಗ ಏನೈತಿ?”

ಮುತ್ಯಾ ದೀಪದ ಬತ್ತಿ ನೋಡುತ್ತಿದ್ದ. ಬಾಗಿಲ ಹಿಂದೆ ಅಕ್ಕನ ಬಳೆಗಳ ಸದ್ದು ನಿಂತಿತು.

“ಏನೂ ಇಲ್ರಿ,” ಎಂದೆ.

ಮದುವೆ ಗೊತ್ತಾಯಿತು. ಅಂದು ಮುತ್ಯಾ ನನ್ನ ಹೋಳಿಗೆಗೆ ಎರಡು ಸಲ ತುಪ್ಪ ಸುರಿದ. ಅಂದಿನಿಂದ ಹೆಚ್ಚಿಗೆ ಬಿದ್ದ ತುಪ್ಪವನ್ನು ನಾನು ನಂಬುವುದಿಲ್ಲ.

ಮುಂದೆ ಕಾಲೇಜಿನಲ್ಲಿ ಯುರೋಪಿನ ಪ್ರಾಚೀನ ಕೆಲ್ಟ್ ಜನರ ಬಗ್ಗೆ ಓದಿದೆ. ಇಂಥ ಬಳೆಯಂಗಿಯನ್ನು ಮೊದಲು ಹೆಣೆದವರು ಅವರೇ ಇರಬೇಕಂತೆ. ಆದರೂ ಅವರಲ್ಲಿ ಕೆಲವರು ಬಟ್ಟೆಯನ್ನೂ ಕಿತ್ತೊಗೆದು, ಕೊರಳಲ್ಲಿ ಬಂಗಾರದ ಕಡಗ ತೊಟ್ಟು, ಕೈಯಲ್ಲಿ ಉದ್ದನೆಯ ಗುರಾಣಿ ಹಿಡಿದು, ಕೂಗುತ್ತ ವೈರಿಯ ಮೇಲೆ ಬೀಳುತ್ತಿದ್ದರಂತೆ. ಹಾಗೆಂದು ಬರೆದವರು ಅವರ ವೈರಿಗಳು. ನಮ್ಮವನ ಕಥೆ ಹೇಳಿದವರು ಅವನ ಮೊಮ್ಮಕ್ಕಳು. ಯಾರನ್ನು ನಂಬಲಿ? ಸುತ್ತುವರಿದು ಹೊಡೆದರೂ ಬೆನ್ನಿಗೆ ಪೆಟ್ಟು ಬೀಳುತ್ತದೆ. ಇದನ್ನು ಮುತ್ಯಾ ಒಮ್ಮೆಯೂ ಹೇಳಲಿಲ್ಲವೇಕೆ?

ಮುತ್ಯಾ ಹೋದ ಮೇಲೆ ಮನೆ ಪಾಲಾಯಿತು. ಅಂಗಿಯ ಕೊಂಡಿ ಬಿಚ್ಚಿ ಅದನ್ನೂ ಪಾಲು ಮಾಡಿದರು. ಎದೆ ಕಾಕಾನಿಗೆ, ಬೆನ್ನು ಅಪ್ಪನಿಗೆ. ಎದೆಗೆ ಇಂದಿಗೂ ಹೂವು ಏರುತ್ತದೆ. ಬೆನ್ನು ಎಲ್ಲಿ ಹೋಯಿತೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತೂತಿತ್ತು ಎಂಬ ನನ್ನ ಮಾತಿಗೆ ಇದ್ದ ಒಂದೇ ಸಾಕ್ಷಿ ಅದು.

ಹೋದ ತಿಂಗಳು ಸಿರಸಂಗಿಗೆ ಹೋಗಿದ್ದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಪಕ್ಕ ಕುಳಿತು ಕೇಳಿದೆ: “ಅಕ್ಕಾ, ಅವತ್ತು ನಾ ಸುಳ್ಳು ಹೇಳಿದ್ದು ನಿನಗ ಗೊತ್ತಿತ್ತೇನು?”

ಅವಳು ನನ್ನ ರೊಟ್ಟಿಗೆ ಎರಡು ಸಲ ತುಪ್ಪ ಸುರಿದು, ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.