ಎಲ್ಲಮ್ಮನ ಮುಂದಿನ ಕೆಂಪು ದೀಪ

ಕೆಟ್ಟ ಇಂಜಿನ್ ರಿಪೇರಿ ಮಾಡಬಹುದು, ಶಾಣ್ಯಾ ಸಾಹೇಬರನ್ನಲ್ಲ. ಸವದತ್ತಿ ಕಡೆ ಕಾಲುವೆಯ ಸೇತುವೆಗೆಂದು ತೋಡಿದ ಪಾಯದಲ್ಲಿ ಎದೆಮಟ್ಟ ನೀರು ನಿಂತಿತ್ತು. ಅದನ್ನೆತ್ತುವ ಹೊಸ ಡೀಸೆಲ್ ಇಂಜಿನ್ ಜಾಮ್ ಆಗಿತ್ತು. ಇಂಜಿನ್ ಕಂಪನಿಯ ಮೆಕ್ಯಾನಿಕ್ ನಾನು; ಚೀಲ ಇಳಿಸುವ ಮೊದಲೇ ಗುತ್ತಿಗೆದಾರ ಸಾಹೇಬರು, "ಎಂಥಾ ಹಲ್ಕಾ ಇಂಜಿನ್ ಮಾರೀರಿ ನೀವು?" ಎಂದು ಜಾಡಿಸಿದರು.

ಬಿಚ್ಚಿ ನೋಡಿದೆ. ಒಳಗೆ ಆಯಿಲ್ಲಿನ ಪಸೆಯೂ ಇರಲಿಲ್ಲ, ಬೇರಿಂಗ್ ಸುಟ್ಟು ಕಪ್ಪಾಗಿತ್ತು. ಆಯಿಲ್ ಇಳಿದರೆ ಹತ್ತಬೇಕಾದ ಕೆಂಪು ದೀಪದ ಜಾಗದಲ್ಲಿ ಬರೀ ತೂತು.

"ಇಲ್ಲಿದ್ದ ದೀಪ ಎಲ್ಲೈತ್ರಿ?"

"ಅದರ ಕಿರಿಕಿರಿ ಭಾಳ ಆಗಿತ್ರಿ. ಅದು ಹತ್ತಿದಾಗೊಮ್ಮೆ ನಮ್ಮ ಡ್ರೈವರ್ ಇಂಜಿನ್ ಬಂದ್ ಮಾಡಿ ಕುಂದರತಿದ್ದ. ಕೀಳಿಸಿಬಿಟ್ಟೆ. ಆದರ ಒಗದಿಲ್ರಿ, ಅಲ್ಲಿ ನೋಡ್ರಿ!"

ಸಾಹೇಬರು ಹೆಮ್ಮೆಯಿಂದ ಶೆಡ್ಡಿನ ಗೋಡೆ ತೋರಿಸಿದರು. ಎಲ್ಲಮ್ಮನ ಫೋಟೋದ ಮುಂದೆ, ಬ್ಯಾಟರಿಯಿಂದ ನೇರ ವಾಯರ್ ಎಳೆದು ಹಚ್ಚಿದ ಕೆಂಪು ದೀಪ ನಿಗಿನಿಗಿ ಉರಿಯುತ್ತಿತ್ತು.

ಆಯಿಲ್ ಇಲ್ಲ, ಆಯಿಲ್ ಇಲ್ಲ ಎಂದು ಪಾಪ ಅದು ಹಗಲೂ ರಾತ್ರಿ ಆ ತಾಯಿಗೆ ಹೇಳುತ್ತಲೇ ಇತ್ತು. ಇಷ್ಟು ದೊಡ್ಡ ಸಾಹೇಬರಿಗೆ ಅಷ್ಟೂ ತಿಳಿಯದೇನು ಅಂತ ಆಕೆ ಸುಮ್ಮನಿದ್ದಿರಬೇಕು.